ಸೆಕೆಯಲ್ಲಿ ಟ್ರಯಥ್ಲಾನ್: ಏನು ಕುಡಿಯಬೇಕು, ಏನು ತಿನ್ನಬೇಕು, ಎಷ್ಟು

ಕಾರವಾರದಲ್ಲಿ ಬೆಳಗ್ಗೆ ಏಳಕ್ಕೇ ಅಂಗಿ ಮೈಗೆ ಅಂಟುತ್ತದೆ. ಒಣಹವೆಯ ಊರಿನಲ್ಲಿ ಬೆವರು ಆರುತ್ತಾ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಇಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ, ತಂಪು ಸಿಗದ ದೇಹ ಇನ್ನಷ್ಟು ಬೆವರುತ್ತದೆ. ಹಾಗಾಗಿ ಚಳಿ ದೇಶದವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಶಿರಸಿಯ ಲೆಕ್ಕವೂ ನಡೆಯುವುದಿಲ್ಲ. ಘಟ್ಟದ ಮೇಲೆ ಅಭ್ಯಾಸ ಮಾಡಿ ದೇವಿಮನೆ ಘಟ್ಟ ಇಳಿದು ರೇಸಿಗೆ ಬರುವವರು ಮೊದಲು ಸೋಲುವುದು ಇಲ್ಲೇ. ಸೆಕೆಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಅಷ್ಟು ದಿನ ಮೊದಲೇ ಕೆಳಗೆ ಬಂದು ಅಭ್ಯಾಸ ಮಾಡಲಾಗದಿದ್ದರೆ ಓಟದ ವೇಗದ ಆಸೆಯನ್ನು ಸ್ವಲ್ಪ ಇಳಿಸಿಕೊಳ್ಳಿ.

ಕೆಳಗಿನ ಲೆಕ್ಕ ಒಲಿಂಪಿಕ್ ದೂರದ್ದು: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಸಾಮಾನ್ಯರಿಗೆ ಮೂರು ಗಂಟೆಯ ಆಸುಪಾಸು. ಇದರಲ್ಲಿ ನೆಮ್ಮದಿಯಾಗಿ ತಿಂದು ಕುಡಿಯಲು ಆಗುವುದು ಸೈಕಲ್ ಮೇಲೆ ಮಾತ್ರ. ಈಜುವಾಗ ಬಾಯಿಗೆ ಸಿಗುವುದು ಉಪ್ಪುನೀರು. ಓಡುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹರಿದು ಹೊಟ್ಟೆಗೆ ಕಡಿಮೆ ಸಿಗುತ್ತದೆ, ಜೊತೆಗೆ ಕುಲುಕಾಟ ಬೇರೆ. ಓಟದ ಏಳನೇ ಕಿಲೋಮೀಟರಿನಲ್ಲಿ ಕುಸಿದವರ ತಪ್ಪು ಬಹುಪಾಲು ಸೈಕಲ್ಲಿನ ಮೊದಲ ಅರ್ಧ ಗಂಟೆಯಲ್ಲೇ ಆಗಿರುತ್ತದೆ.

ಮೊದಲು ಬೆವರು ಅಳೆಯಿರಿ

ಮೂತ್ರ ಮಾಡಿ, ಬಟ್ಟೆ ತೆಗೆದು, ಗಟ್ಟಿ ನೆಲದ ಮೇಲಿಟ್ಟ ಯಂತ್ರದಲ್ಲಿ ತೂಕ ನೋಡಿ. ರೇಸಿನ ವೇಗದಲ್ಲಿ ಸರಿಯಾಗಿ ಒಂದು ಗಂಟೆ ಓಡಿ, ಕುಡಿದ ನೀರಿನ ಲೆಕ್ಕ ಇಡಿ. ಬಂದ ಮೇಲೆ ಮೈ, ತಲೆಗೂದಲು ಚೆನ್ನಾಗಿ ಒರೆಸಿ ಮತ್ತೆ ತೂಕ ನೋಡಿ. ಬೆವರಿನಲ್ಲಿ ನೆನೆದ ಅಂಗಿ ಹಾಕಿಕೊಂಡೇ ತೂಗಿದರೆ ಲೆಕ್ಕ ಕೆಟ್ಟಿತು. ಉದಾಹರಣೆಗೆ 64.0 ಕೆ.ಜಿ. ಇದ್ದವರು 62.9ಕ್ಕೆ ಇಳಿದರು, ನಡುವೆ ಅರ್ಧ ಲೀಟರ್ ಕುಡಿದಿದ್ದರು ಎಂದರೆ, ಗಂಟೆಗೆ 1.1ಕ್ಕೆ 0.5 ಸೇರಿ 1.6 ಲೀಟರ್ ಬೆವರು. ಸೈಕಲ್ಲಿಗೆ ಬೇರೆಯಾಗಿ ಅಳೆಯಿರಿ, ಎದುರುಗಾಳಿ ಇರುವುದರಿಂದ ಅಲ್ಲಿ ಕಡಿಮೆ ಬರುತ್ತದೆ. ಡಿಸೆಂಬರಿನ ಅಳತೆ ಏಪ್ರಿಲ್‌ಗೆ ಉಪಯೋಗಕ್ಕಿಲ್ಲ.

ಗಂಟೆಗೆ 1.6 ಲೀಟರ್ ಹೋಯಿತೆಂದು ಅಷ್ಟನ್ನೂ ಕುಡಿಯಲು ಹೋಗಬೇಡಿ. ಹೆಚ್ಚಿನವರ ಹೊಟ್ಟೆ ಗಂಟೆಗೆ 600ರಿಂದ 800 ಮಿ.ಲೀ. ಸಲೀಸಾಗಿ ದಾಟಿಸುತ್ತದೆ, ಅಭ್ಯಾಸವಿದ್ದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಉಳಿದದ್ದು ಒಳಗೇ ನಿಂತು ಗುಳುಗುಳು ಎನ್ನುತ್ತದೆ. ರೇಸ್ ಮುಗಿದಾಗ ತೂಕ ನೂರಕ್ಕೆ ಎರಡು, ಎರಡೂವರೆ ಪಾಲು ಇಳಿದಿದ್ದರೆ ತೊಂದರೆಯಿಲ್ಲ. ತೂಕ ಏರಿದ್ದರೆ ಅದೇ ಅಪಾಯ. ಅದರ ಮಾತು ಮುಂದೆ ಬರುತ್ತದೆ.

ಉಪ್ಪಿನ ನೀರು, ಮುರುಗಲ (ಕೋಕಂ) ಬಾಟಲ್

ಬೆವರಿನ ಲೀಟರಿಗೆ ಸೋಡಿಯಂ ಒಬ್ಬರಿಗೆ 400 ಮಿ.ಗ್ರಾಂ. ಇದ್ದರೆ ಇನ್ನೊಬ್ಬರಿಗೆ 1,500 ದಾಟುತ್ತದೆ. ಒಣಗಿದ ಮೇಲೆ ಟೋಪಿಯ ಅಂಚಿನಲ್ಲಿ, ಅಂಗಿಯ ಬೆನ್ನಿನಲ್ಲಿ ಬಿಳಿ ಗೆರೆ ದಪ್ಪಗೆ ಕಂಡರೆ ನೀವು ಉಪ್ಪು ಹೆಚ್ಚು ಕಳೆದುಕೊಳ್ಳುವವರು. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿ.ಗ್ರಾಂ. ಸೋಡಿಯಂ ಇರುತ್ತದೆ.

ಚಮಚದ ಅಳತೆ ಬೇಡ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪು ಚಮಚದಲ್ಲಿ ಒಮ್ಮೆ ಮೂರು ಗ್ರಾಂ ಕೂರುತ್ತದೆ, ಒಮ್ಮೆ ಐದು. ಅಡುಗೆಮನೆಯ ತಕ್ಕಡಿಗೂ ಒಂದೂವರೆ ಗ್ರಾಂ ನಿಖರವಾಗಿ ಸಿಕ್ಕುವುದಿಲ್ಲ. ಅದಕ್ಕೊಂದು ಉಪಾಯವಿದೆ. 30 ಗ್ರಾಂ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ (ಹರಳುಪ್ಪಿನಲ್ಲಿ ಉಪ್ಪಿನ ಗದ್ದೆಯ ಮಣ್ಣು ಇದ್ದೇ ಇರುತ್ತದೆ), ಒಟ್ಟು 300 ಮಿ.ಲೀ. ಆಗುವಷ್ಟು ನೀರು ಸೇರಿಸಿ ಶೀಶೆಗೆ ತುಂಬಿಡಿ. ಈಗ 10 ಮಿ.ಲೀ. ಎಂದರೆ ಒಂದು ಗ್ರಾಂ ಉಪ್ಪು. ಕೆಮ್ಮಿನ ಔಷಧಿಯ ಮುಚ್ಚಳದಲ್ಲೇ ಅಳೆಯಬಹುದು.

750 ಮಿ.ಲೀ. ಬಾಟಲಿಗೆ ಬೇಕಾದದ್ದು: ಗ್ಲೂಕೋಸ್ ಪುಡಿ 30 ಗ್ರಾಂ, ಸಕ್ಕರೆ 15 ಗ್ರಾಂ, ಉಪ್ಪಿನ ನೀರು 15 ಮಿ.ಲೀ. (ಬೆವರಿನಲ್ಲಿ ಉಪ್ಪು ಹೆಚ್ಚು ಕಳೆದುಕೊಳ್ಳುವವರಿಗೆ 20), ಮುರುಗಲ ರಸ ನಾಲಿಗೆಗೆ ಹಿತವಾಗುವಷ್ಟು. ಐದಾರು ಒಣ ಸಿಪ್ಪೆಯನ್ನು 150 ಮಿ.ಲೀ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಎರಡು ಸಲ ಸೋಸಿ. ಒಂದೇ ಸಲ ಸೋಸಿದರೆ ನಾರು ಬಾಟಲಿನ ಬಾಯಿಗೆ ಸಿಕ್ಕಿಕೊಂಡು, ಸವಾರಿಯ ನಡುವೆ ಎಷ್ಟು ಒತ್ತಿದರೂ ಹನಿ ಬರುವುದಿಲ್ಲ. ಅಡುಗೆಗೆಂದು ಮಾರುವ ಸಿಪ್ಪೆಗೆ ಉಪ್ಪು ಹಾಕಿ ಒಣಗಿಸಿರುವುದುಂಟು. ನೆಕ್ಕಿ ನೋಡಿ, ಉಪ್ಪಿಲ್ಲದ್ದನ್ನೇ ತೆಗೆದುಕೊಳ್ಳಿ. ಮುರುಗಲು ಹಾಕುವುದು ಬರೀ ರುಚಿಗಲ್ಲ. ಇಷ್ಟು ಉಪ್ಪಿನ ಸಿಹಿನೀರನ್ನು ಸೆಕೆಯಲ್ಲಿ ಕುಡಿಯಲು ಮನಸ್ಸು ಬರುವುದೇ ಆ ಹುಳಿಯಿಂದ.

ಬಾಟಲಿನಲ್ಲಿ ಈಗ ಗ್ಲೂಕೋಸೂ ಸೇರಿ 45 ಗ್ರಾಂ ಸಕ್ಕರೆ, ಅಂದರೆ ನೂರಕ್ಕೆ ಆರು ಪಾಲು, ಮತ್ತು ಸುಮಾರು 590 ಮಿ.ಗ್ರಾಂ. ಸೋಡಿಯಂ ಇದೆ. ಶಕ್ತಿ ಹೆಚ್ಚಲೆಂದು ಸಕ್ಕರೆಯನ್ನು ದುಪ್ಪಟ್ಟು ಮಾಡಬೇಡಿ. ದಪ್ಪ ಪಾನಕ ಹೊಟ್ಟೆಯಿಂದ ನಿಧಾನ ಇಳಿಯುತ್ತದೆ, ಕರುಳಿಗೆ ಇಳಿದ ಮೇಲೆ ಅದನ್ನು ತೆಳುಮಾಡಲು ದೇಹವೇ ನೀರು ಕೊಡಬೇಕಾಗುತ್ತದೆ. ಓಟದಲ್ಲಿ ಶೌಚಾಲಯ ಹುಡುಕುವ ಗತಿ ಬರುವುದು ಹೀಗೆ.

ಎಳನೀರನ್ನು ರೇಸಿನ ಬಾಟಲಿಗೆ ಹಾಕಬೇಡಿ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೆಚ್ಚು ಹೋಗುವ ಸೋಡಿಯಂ ಕಡಿಮೆ. ಮುಗಿದ ಮೇಲೆ ಕುಡಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಔಷಧಿ ಅಂಗಡಿಯ ಒಆರ್‌ಎಸ್ ಪುಡಿ ಇದಕ್ಕೆ ತದ್ವಿರುದ್ಧ: ಲೀಟರಿಗೆ 1,700 ಮಿ.ಗ್ರಾಂ. ದಾಟುವ ಸೋಡಿಯಂ, ಗ್ಲೂಕೋಸ್ ಮಾತ್ರ 13.5 ಗ್ರಾಂ. ಅದು ಭೇದಿಗೆ ಮಾಡಿದ ಔಷಧಿ, ಕಾಲಿಗೆ ಬೇಕಾದ ಶಕ್ತಿ ಅದರಿಂದ ಸಿಗದು.

ಜೋನಿಬೆಲ್ಲದ ಜೆಲ್

ಶಿರಸಿ, ಸಿದ್ದಾಪುರದ ಜೋನಿಬೆಲ್ಲ (ನೀರುನೀರಾದ ಬೆಲ್ಲ) ಕೈಗೆ ಸಿಗುವಾಗ, ರೇಸಿನ ನಡುವೆ ನುಂಗುವ ದುಬಾರಿ ಸಕ್ಕರೆ ಜೆಲ್ಲಿಗೆ ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆ, ಉಳಿದದ್ದು ಹೆಚ್ಚಾಗಿ ನೀರು. 90 ಗ್ರಾಂ ಜೋನಿಬೆಲ್ಲಕ್ಕೆ 30 ಮಿ.ಲೀ. ಬಿಸಿನೀರು, 5 ಮಿ.ಲೀ. ಉಪ್ಪಿನ ನೀರು, ನಾಲ್ಕು ಹನಿ ಲಿಂಬೆರಸ ಸೇರಿಸಿ, ಸೋಸಿ, 150 ಮಿ.ಲೀ.ಯ ಮೆತ್ತನೆ ಫ್ಲಾಸ್ಕಿಗೆ (ಹಿಂಡಿ ಕುಡಿಯುವ ಪ್ಲಾಸ್ಟಿಕ್ ಶೀಶೆ) ತುಂಬಿ. ಸುಮಾರು 60 ಗ್ರಾಂ ಸಕ್ಕರೆ ಸಿಕ್ಕಿತು.

ಬಾಟಲ್ ಮತ್ತು ಜೆಲ್ ಒಂದಕ್ಕೊಂದು ಹೊಂದುವಂತೆ ಅಳತೆ ಹಾಕಿದೆ. ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಒಳಗೆ ಬಿಡುತ್ತದೆ, ಫ್ರಕ್ಟೋಸಿಗೆ (ಹಣ್ಣಿನ ಸಕ್ಕರೆ) ಬೇರೆಯದೇ ಬಾಗಿಲಿದೆ. ಬೆಲ್ಲದಲ್ಲಿ ಎರಡೂ ಸರಿಸಮ. ಬಾಟಲಿನಲ್ಲಿ ಗ್ಲೂಕೋಸ್ ಹೆಚ್ಚಿಟ್ಟಿರುವುದರಿಂದ ಒಟ್ಟಾರೆ ಎರಡಕ್ಕೆ ಒಂದರ ಹದಕ್ಕೆ ಬರುತ್ತದೆ, ಹೊಟ್ಟೆ ಕೆಡುವುದು ಕಡಿಮೆ.

ಒಂದು ಎಚ್ಚರ: ನೀರು ಬೆರೆತ ಜೋನಿಬೆಲ್ಲ ಸೆಕೆಗೆ ಬೇಗ ಹುಳಿಯುತ್ತದೆ. ಹಿಂದಿನ ರಾತ್ರಿಯೇ ಮಾಡಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಫ್ಲಾಸ್ಕ್ ಉಬ್ಬಿದ್ದರೆ, ಮುಚ್ಚಳ ತೆಗೆದಾಗ ಬುಸ್ ಎಂದರೆ, ಚೆಲ್ಲಿಬಿಡಿ.

ಹಿಂದಿನ ದಿನ ಮತ್ತು ಬೆಳಗಿನ ಜಾವ

ಹಿಂದಿನ ದಿನ ಬಿಳಿ ಅನ್ನ ಹೆಚ್ಚು, ಪಲ್ಯ ಕಡಿಮೆ. ಹಲಸು, ಕಾಳು, ಕೋಸು ಬೇಡ. ಬಳಚು (ಚಿಪ್ಪುಮೀನು), ಏಡಿ ಎಷ್ಟೇ ತಾಜಾ ಇದ್ದರೂ ಆ ಒಂದು ದಿನ ಬಿಡಿ.

ರೇಸ್ ಆರೂವರೆಗೆ ಇದ್ದರೆ ಮೂರೂವರೆಗೆ ಏಳಬೇಕು, ಬೇರೆ ದಾರಿಯಿಲ್ಲ. ತೂಕದ ಕೆ.ಜಿ.ಗೆ ಒಂದೂವರೆಯಿಂದ ಎರಡು ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಲಿ. 64 ಕೆ.ಜಿ.ಯವರಿಗೆ 100 ಗ್ರಾಂ ಅವಲಕ್ಕಿ, 30 ಗ್ರಾಂ ಬೆಲ್ಲ, ಒಂದು ಏಲಕ್ಕಿ ಬಾಳೆಹಣ್ಣು ಸಾಕು. ತೆಳ್ಳೇವು (ತೆಳು ದೋಸೆ) ರೂಢಿಯಿದ್ದವರು ಅದನ್ನೇ ಜೋನಿಬೆಲ್ಲದ ಜೊತೆ ತಿನ್ನಬಹುದು. ಕಾಯಿತುರಿ, ತುಪ್ಪ ಮಾತ್ರ ಬೇಡ. ಕೊಬ್ಬು ಹೊಟ್ಟೆಯನ್ನು ನಿಧಾನ ಮಾಡುತ್ತದೆ, ಈಜಿನಲ್ಲಿ ತೇಗು ಬರುತ್ತದೆ. ಕುಚ್ಚಲಕ್ಕಿ ಗಂಜಿ ರೇಸ್ ಮುಗಿದ ಮೇಲಿಗೆ ಇರಲಿ. ನಾಲ್ಕೂವರೆಯ ಒಳಗೆ 350ರಿಂದ 450 ಮಿ.ಲೀ. ನೀರು ಕುಡಿದು ನಿಲ್ಲಿಸಿ, ಹೆಚ್ಚಾದದ್ದು ಹೊರಹೋಗಲು ಸಮಯ ಸಿಗುತ್ತದೆ. ಕಾಫಿ ದಿನಾ ಕುಡಿಯುವವರು ಕುಡಿಯಿರಿ, ಕುಡಿಯದವರು ಅಂದು ಶುರು ಮಾಡಬೇಡಿ.

ಹೊರಡುವ ಮುನ್ನ ಬಾಟಲ್: ಹಿಂದಿನ ರಾತ್ರಿ ಅರ್ಧ ತುಂಬಿ ಫ್ರೀಜರಿನಲ್ಲಿಟ್ಟು, ಬೆಳಗ್ಗೆ ಉಳಿದರ್ಧ ಸೇರಿಸಿ. ಎಂಟು ಗಂಟೆಯ ಬಿಸಿಲಿನಲ್ಲಿ ಬೆಚ್ಚಗಾದ ಪಾನಕವನ್ನು ಯಾರೂ ಮನಸ್ಸಿಟ್ಟು ಕುಡಿಯುವುದಿಲ್ಲ.

ರೇಸಿನಲ್ಲಿ

ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಎರಡು ಗುಟುಕು ಒಳಹೋದರೂ ವಾಕರಿಕೆ ಬರುತ್ತದೆ. ನೀರಿನಿಂದ ಬಂದವರು ಮೊದಲು ಸಾದಾ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಸೈಕಲ್ ಹತ್ತಿ ಮೊದಲ ಹತ್ತು ನಿಮಿಷ ಸಾದಾ ನೀರಿನ ಗುಟುಕು ಮಾತ್ರ, ಎದೆಬಡಿತ ಇಳಿಯಲಿ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಪಾನಕ. 20, 40, 60ನೇ ನಿಮಿಷಕ್ಕೆ ಜೆಲ್, ಸ್ವಲ್ಪ ಸ್ವಲ್ಪ, ಪ್ರತಿಸಲವೂ ಎರಡನೇ ಬಾಟಲಿನ ಸಾದಾ ನೀರಿನ ಜೊತೆ. ಬಾಯಾರಿಕೆಗೆ ಕಾಯದೆ ವಾಚಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಗುರಿ ಇಷ್ಟು: ಸೈಕಲ್ ಮುಗಿಯುವಾಗ ಪಾನಕದ ಬಾಟಲ್ ಪೂರ್ತಿ ಖಾಲಿ, ಜೆಲ್ಲಿನಲ್ಲಿ ಮೂರರಲ್ಲಿ ಎರಡು ಪಾಲು ಖಾಲಿ. ಒಟ್ಟು 85 ಗ್ರಾಂ ಸಕ್ಕರೆ, ಅಂದರೆ ಸೈಕಲ್ಲಿನ ಗಂಟೆಗೆ ಸುಮಾರು 60. ಕೊನೆಯ ಹತ್ತು ನಿಮಿಷ ನೀರು ಮಾತ್ರ.

ಉಳಿದ ಜೆಲ್ ಓಟಕ್ಕೆ ಒಯ್ದು ಐದನೇ ಕಿಲೋಮೀಟರಿನ ಒಳಗೆ ಮುಗಿಸಿ. ನೀರಿನ ಮೇಜಿನ ಬಳಿ ಎರಡು ಲೋಟ ತೆಗೆದುಕೊಳ್ಳಿ, ಒಂದು ಬಾಯಿಗೆ, ಒಂದು ತಲೆಗೆ. ಐಸ್ ಸಿಕ್ಕರೆ ಟೋಪಿಯೊಳಗೆ ಹಾಕಿ.

ಕೆಟ್ಟಾಗ

ಹೊಟ್ಟೆ ಗುಳುಗುಳು ಎಂದು ಉಬ್ಬಿದರೆ ಸಿಹಿ ನಿಲ್ಲಿಸಿ, ವೇಗ ಇಳಿಸಿ, ಹದಿನೈದು ನಿಮಿಷ ಸಾದಾ ನೀರಿನ ಚಿಕ್ಕ ಗುಟುಕು ಮಾತ್ರ. ಸ್ನಾಯು ಹಿಡಿದರೆ ಎಲ್ಲದಕ್ಕೂ ಉಪ್ಪೇ ಕಾರಣವೆಂದು ತಿಳಿಯಬೇಡಿ, ದಣಿವೂ ಅಷ್ಟೇ ಕಾರಣ. ನಿಂತು ಎಳೆದುಕೊಳ್ಳಿ.

ಬೆರಳು ಊದಿ ಉಂಗುರ ಬಿಗಿಯಾಗಿ, ತಲೆನೋವು, ವಾಕರಿಕೆ ಜೊತೆಗೆ ಬಂದರೆ ನೀರು ಹೆಚ್ಚಾಗಿ ರಕ್ತದ ಸೋಡಿಯಂ ಇಳಿದಿರಬಹುದು. ಆಗ ಇನ್ನೂ ನೀರು ಕುಡಿಸುವುದು ಜೀವಕ್ಕೇ ಅಪಾಯ. ಕುಡಿಯುವುದನ್ನು ನಿಲ್ಲಿಸಿ ವೈದ್ಯರ ಡೇರೆಗೆ ಹೋಗಿ. ಸೆಕೆಯಲ್ಲೂ ಮೈ ಜುಮ್ಮೆಂದು ಚಳಿ ಹತ್ತಿದರೆ, ಮಾತು ತೊದಲಿದರೆ, ರೇಸ್ ಅಲ್ಲಿಗೇ ಬಿಡಿ. ಅಂಥವರನ್ನು ಕಂಡವರು ತಡಮಾಡದೆ ನೆರಳಿಗೆ ತಂದು ಮೈಪೂರ್ತಿ ತಣ್ಣೀರಿನಲ್ಲಿ ಅದ್ದಬೇಕು, ಆಸ್ಪತ್ರೆಗೆ ಸಾಗಿಸುವುದು ಅದರ ಜೊತೆಜೊತೆಗೆ.

ಗೋವಾದ 70.3ಕ್ಕೆ (ಐರನ್‌ಮ್ಯಾನ್‌ನ ಅರ್ಧ ದೂರದ ಟ್ರಯಥ್ಲಾನ್) ಹೋಗುವವರಿಗೆ ಹವೆ ಇದೇ, ದೂರ 1.9, 90 ಮತ್ತು 21.1 ಕಿ.ಮೀ. ಅಲ್ಲಿ ಗಂಟೆಗೆ 60ರಿಂದ 80 ಗ್ರಾಂ ಬೇಕು. ಅದಕ್ಕೆ ಎಂಟು ವಾರ ಮೊದಲೇ ಭಾನುವಾರದ ಉದ್ದ ಸವಾರಿಯಲ್ಲಿ 40 ಗ್ರಾಂನಿಂದ ಶುರುಮಾಡಿ, ವಾರಕ್ಕೆ ಐದೈದು ಗ್ರಾಂ ಏರಿಸುತ್ತಾ ಹೊಟ್ಟೆಯನ್ನು ಪಳಗಿಸಿ.

ಮುಗಿದ ಮೇಲೆ ಇಳಿದ ತೂಕದ ಪ್ರತಿ ಕೆ.ಜಿ.ಗೆ 1.25ರಿಂದ 1.5 ಲೀಟರ್, ಒಂದೇ ಸಲಕ್ಕಲ್ಲ, ಮೂರ್ನಾಲ್ಕು ಗಂಟೆಯಲ್ಲಿ. ಮೊದಲು ಎಳನೀರು, ಆಮೇಲೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ.