ಕೊನೆಯ ಲೇನಿನಿಂದ ತಂಡವನ್ನು ನೋಡಿದ್ದು

2024ರ ಜೂನ್ 15ರ ಬೆಳಿಗ್ಗೆ ಮಗಳು ಎದ್ದು ಬರುವಷ್ಟರಲ್ಲಿ ಅವಳ ಫೋನಿಗೆ ಹನ್ನೊಂದು ಕಾಲೇಜುಗಳ ಈಜು ಕೋಚ್‌ಗಳಿಂದ ಸಂದೇಶಗಳು ಬಂದಿದ್ದವು. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ, ಹತ್ತನೆಯ ತರಗತಿ ಮುಗಿಸಿದ ಈಜುಗಾರರನ್ನು ಅತಿ ಮೇಲಿನ ಹಂತವಾದ ಡಿವಿಷನ್ ಒಂದರ ಕೋಚ್‌ಗಳು ತಾವಾಗಿ ಮಾತನಾಡಿಸಬಹುದಾದ ಮೊದಲ ದಿನ ಅದು. ನಾನು ಬೆಂಗಳೂರಿನಲ್ಲಿ ಸಿಇಟಿ ರ‍್ಯಾಂಕನ್ನೂ ಹಿಂದಿನ ವರ್ಷದ ಕಟ್‌ಆಫನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕಾಲೇಜು ಆರಿಸಿಕೊಂಡವಳು. ಅಲ್ಲಿ ಯಾವ ಕಾಲೇಜೂ ನನ್ನನ್ನು ಕರೆದಿರಲಿಲ್ಲ, ಆದ್ದರಿಂದ ಯಾರ ಮಾತನ್ನೂ ತೂಗಿ ನೋಡುವ ಅಗತ್ಯವೂ ಬಿದ್ದಿರಲಿಲ್ಲ. ಇಲ್ಲಿ ಹನ್ನೊಂದು ಮಂದಿ ಕರೆಯುತ್ತಿದ್ದರು, ಹನ್ನೊಂದು ಮಂದಿಯೂ ನಮ್ಮ ತಂಡ ಒಂದು ಕುಟುಂಬವಿದ್ದಂತೆ ಎನ್ನುತ್ತಿದ್ದರು. ಮುಂದಿನ ಹದಿನೇಳು ತಿಂಗಳಲ್ಲಿ ಅವರನ್ನೂ ಅವರ ತಂಡಗಳನ್ನೂ ನಾವು ಅಳೆದ ಬಗೆಯನ್ನು, ಇದೇ ಹಾದಿಯಲ್ಲಿರುವ ಕನ್ನಡದ ತಂದೆ ತಾಯಿಯರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲಸ ಸುಲಭದ್ದು. ಮಗಳು ಈಜುವುದು ಮುಖ್ಯವಾಗಿ 200 ಯಾರ್ಡ್ ಬ್ಯಾಕ್‌ಸ್ಟ್ರೋಕ್. ಆಗ ಅವಳ ಶ್ರೇಷ್ಠ ಸಮಯ 2 ನಿಮಿಷ 0.4 ಸೆಕೆಂಡು. ಪ್ರತಿಯೊಂದು ತಂಡದ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಸ್ಪರ್ಧಿಸುವ ಕಾಲೇಜುಗಳ ಗುಂಪು) ಚಾಂಪಿಯನ್‌ಶಿಪ್ಪಿನ ಹಿಂದಿನ ಫೆಬ್ರುವರಿಯ ಫಲಿತಾಂಶವನ್ನು ತೆಗೆದು, ಆ ಸಮಯಕ್ಕೆ ಎಷ್ಟನೆಯ ಸ್ಥಾನ ಸಿಗುತ್ತಿತ್ತು, ಅದೇ ತಂಡದಲ್ಲಿ ಅವಳಿಗಿಂತ ವೇಗದ ಬ್ಯಾಕ್‌ಸ್ಟ್ರೋಕ್ ಈಜುಗಾರ್ತಿಯರು ಎಷ್ಟು ಮಂದಿ ಇದ್ದಾರೆ ಎಂದು ಬರೆದುಕೊಂಡೆವು. ಆ ಸ್ಪರ್ಧೆಗೆ ಸಾಮಾನ್ಯವಾಗಿ ಇಡೀ ತಂಡವನ್ನು ಕರೆದೊಯ್ಯುವುದಿಲ್ಲವಾದ್ದರಿಂದ, ನಾಲ್ಕು ವರ್ಷ ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕಾದ ತಂಡ ಯಾವುದು ಎಂಬುದು ಒಂದೇ ಸಂಜೆಯಲ್ಲಿ ಗೊತ್ತಾಯಿತು, ಹನ್ನೊಂದು ತಂಡಗಳು ಏಳಕ್ಕೆ ಇಳಿದವು. ಕರ್ನಾಟಕದಿಂದ ನೇರವಾಗಿ ಪ್ರಯತ್ನಿಸುವವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಇಲ್ಲಿನ ಕಾಲೇಜು ಸ್ಪರ್ಧೆಗಳು ನಡೆಯುವುದು 25 ಯಾರ್ಡ್, ಅಂದರೆ 22.86 ಮೀಟರ್ ಉದ್ದದ ಕೊಳದಲ್ಲಿ. ಐವತ್ತು ಮೀಟರ್ ಕೊಳದಲ್ಲಿ 200 ಮೀಟರಿಗೆ ಮೂರು ತಿರುವುಗಳಾದರೆ, ಇಲ್ಲಿ 200 ಯಾರ್ಡಿಗೆ ಏಳು. ಹೀಗಾಗಿ ಸಮಯವನ್ನು ಪರಿವರ್ತಿಸಿ ಕೊಟ್ಟರಷ್ಟೇ ಸಾಲದು, ತಿರುವಿನದೂ ನೀರಿನಡಿಯ ಕಿಕ್ಕಿನದೂ ವಿಡಿಯೊ ಕಳುಹಿಸಿದರೆ ಕೋಚ್‌ಗೆ ನಿಜವಾದ ಅಂದಾಜು ಸಿಗುತ್ತದೆ.

ಎರಡನೆಯ ಕೆಲಸಕ್ಕೆ ನಮಗೆ ಮೂರು ವಾರ ಹಿಡಿಯಿತು, ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. 2021ರಲ್ಲಿ ಪ್ರತಿ ತಂಡಕ್ಕೆ ಸೇರಿದ ಹುಡುಗಿಯರ ಪಟ್ಟಿಯನ್ನು ಹುಡುಕಿ, 2024ರಲ್ಲಿ, ಅಂದರೆ ಅವರ ನಾಲ್ಕನೆಯ ವರ್ಷದಲ್ಲಿ, ಅದೇ ತಂಡದಲ್ಲಿ ಯಾರು ಯಾರು ಉಳಿದಿದ್ದಾರೆ ಎಂದು ನೋಡಿದೆವು. 2020ರಲ್ಲಿ ಸೇರಿದವರಿಗೆ ಕೋವಿಡ್‌ನಿಂದಾಗಿ ಕೊಳಗಳೇ ಮುಚ್ಚಿದ್ದರಿಂದ ಅವರ ಲೆಕ್ಕವನ್ನು ಬೇಕೆಂದೇ ಕೈಬಿಟ್ಟೆವು. ಉಳಿದವರ ಹೈಸ್ಕೂಲಿನ ಶ್ರೇಷ್ಠ ಸಮಯವನ್ನೂ ಕಾಲೇಜಿನ ಶ್ರೇಷ್ಠ ಸಮಯವನ್ನೂ ಈಜುಗಾರರ ಸಮಯಗಳನ್ನು ದಾಖಲಿಸುವ ಸ್ವಿಮ್‌ಕ್ಲೌಡ್ ಜಾಲತಾಣದಿಂದ ತೆಗೆದು ನೋಟುಬುಕ್ಕಿನಲ್ಲಿ ಎರಡು ಕಾಲಮ್ಮುಗಳಲ್ಲಿ ಬರೆದೆವು. ಹೆಸರಾಂತ ಕೋಚ್ ಇದ್ದ ಒಂದು ತಂಡದಲ್ಲಿ ಸೇರಿದ ಒಂಬತ್ತು ಮಂದಿಯಲ್ಲಿ ಉಳಿದವರು ನಾಲ್ವರು, ಆ ನಾಲ್ವರಲ್ಲಿ ಮೂವರ ಶ್ರೇಷ್ಠ ಸಮಯ ಇನ್ನೂ ಹೈಸ್ಕೂಲಿನದೇ ಆಗಿತ್ತು. ಪೋಸ್ಟರಿನಲ್ಲಿದ್ದ ಒಬ್ಬಳು ಮಾತ್ರ ಬಹಳ ಮೇಲೇರಿದ್ದಳು. ದೂರದ ಬೆಟ್ಟ ನುಣ್ಣಗೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಬೇಕಿರಲಿಲ್ಲ. ಅಷ್ಟೇನೂ ಹೆಸರು ಕೇಳಿರದ ಇನ್ನೊಂದು ತಂಡದಲ್ಲಿ ಏಳು ಮಂದಿಯಲ್ಲಿ ಆರು ಮಂದಿ ಉಳಿದಿದ್ದರು, ಐದು ಮಂದಿಯ ಸಮಯ ಇಳಿದಿತ್ತು. ತಂಡದ ಅತಿ ವೇಗದ ಈಜುಗಾರ್ತಿ ಎಲ್ಲಿದ್ದರೂ ವೇಗವಾಗಿಯೇ ಈಜುತ್ತಿದ್ದಳೇನೋ; ಕೋಚ್‌ನ ಕೆಲಸ ಕಾಣಿಸುವುದು ಮಧ್ಯದಲ್ಲಿರುವವರ ಕಾಲಮ್ಮಿನಲ್ಲಿ.

ಆದರೆ ಅಂಕಿಗಳು ಕಾರಣವನ್ನು ಹೇಳುವುದಿಲ್ಲ. ಬಿಟ್ಟುಹೋದವರಲ್ಲಿ ಭುಜದ ನೋವಿನಿಂದ ನಿಲ್ಲಿಸಿದವರು, ಓದಿಗಾಗಿ ಬಿಟ್ಟವರು, ಕೋಚ್ ಜೊತೆ ಹೊಂದದೆ ಬೇರೆ ಕಾಲೇಜಿಗೆ ಹೋದವರು ಎಲ್ಲರೂ ಇರುತ್ತಾರೆ. ಅದಕ್ಕಾಗಿ ಮಗಳು ಪ್ರತಿಯೊಬ್ಬ ಕೋಚ್‌ಗೂ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: ‘ನಿಮ್ಮ ತಂಡಕ್ಕೆ ಬಂದು ಸುಧಾರಿಸದೇ ಹೋದ ಒಬ್ಬರ ಬಗ್ಗೆ ಹೇಳುತ್ತೀರಾ?’ ಒಬ್ಬರು, ಆ ಹುಡುಗಿಗೆ ಛಲವಿರಲಿಲ್ಲ ಎಂದರು. ಇನ್ನೊಬ್ಬರು ಮಾತನ್ನು ಹೊಸ ಜಿಮ್ಮಿನ ಕಡೆಗೆ ತಿರುಗಿಸಿದರು. ಒಬ್ಬ ಕೋಚ್ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ದೂರದ ಈಜಿಗೆ ಹೊಂದುವ ತರಬೇತಿಯನ್ನು ಸ್ಪ್ರಿಂಟ್ ಹುಡುಗಿಯೊಬ್ಬಳಿಗೆ ಎರಡು ವರ್ಷ ಕೊಟ್ಟದ್ದು ತಮ್ಮದೇ ತಪ್ಪು, ಅವಳು ಮೂರನೆಯ ವರ್ಷ ಬಂದು ಹೇಳುವವರೆಗೂ ತಮಗೆ ಅದು ತಿಳಿಯಲಿಲ್ಲ, ಆಮೇಲೆ ಸ್ಪ್ರಿಂಟ್ ಗುಂಪನ್ನೇ ಬೇರೆ ಮಾಡಿದೆವು ಎಂದು ವಿವರಿಸಿದರು. ಸ್ಪೀಕರಿನಲ್ಲಿ ಕೇಳುತ್ತಿದ್ದ ನಾನು ಆ ತಂಡದ ಹೆಸರಿನ ಕೆಳಗೆ ಗೆರೆ ಎಳೆದೆ. ಏಳರಲ್ಲಿ ಆರು ಮಂದಿ ಉಳಿದಿದ್ದ ತಂಡವೂ ಅದೇ.

ಕಾಲೇಜಿನ ಖರ್ಚಿನಲ್ಲಿ ಮಾಡುವ ಅಧಿಕೃತ ಭೇಟಿಗಳಿಗೆ ಹನ್ನೊಂದನೆಯ ತರಗತಿಗೆ ಮೊದಲಿನ ಆಗಸ್ಟ್ 1ರಿಂದ ಅವಕಾಶವಿದೆ. ನಾವು ನಾಲ್ಕು ಕಡೆ ಹೋದೆವು. ಫುಟ್‌ಬಾಲ್ ಪಂದ್ಯ, ಊಟ, ತಂಡದ ಜಾಕೆಟ್ ಹಾಕಿಸಿ ತೆಗೆಯುವ ಫೋಟೊ, ಇವೆಲ್ಲ ಎಲ್ಲ ಕಡೆಯೂ ಒಂದೇ. ನಾನು ಕಾಯುತ್ತಿದ್ದುದು ಬೆಳಗಿನ ಆರು ಗಂಟೆಯ ಅಭ್ಯಾಸಕ್ಕೆ. ಒಂದು ಕಡೆ ಕೋಚ್ ಎರಡು ಗಂಟೆಯ ಕಾಲವೂ ನಡುವಿನ ಎರಡು ಲೇನುಗಳ ತುದಿಯಲ್ಲೇ ನಿಂತಿದ್ದರು. ಅಂಚಿನ ಲೇನಿನವರು ಗೋಡೆಯ ಗಡಿಯಾರ ನೋಡಿ ತಾವೇ ಹೊರಡುತ್ತಿದ್ದರು, ತಾವೇ ನಿಲ್ಲುತ್ತಿದ್ದರು. ತಪ್ಪೊಪ್ಪಿಕೊಂಡ ಕೋಚ್‌ರ ಕೊಳದಲ್ಲಿ, ಗೋಡೆಗೆ ಹತ್ತಿದ ಎಂಟನೆಯ ಲೇನಿನಲ್ಲಿ ಒಬ್ಬ ಹುಡುಗಿ ಭುಜದ ನೋವಿದ್ದುದರಿಂದ ಬೋರ್ಡು ಹಿಡಿದು ಕಿಕ್ ಮಾತ್ರ ಮಾಡುತ್ತಿದ್ದಳು. ಕೋಚ್ ಒದ್ದೆ ಟೈಲ್ಸಿನ ಮೇಲೆ ಮೊಣಕಾಲೂರಿ, ಅವಳು ಗೋಡೆ ಮುಟ್ಟಿದಾಗಲೆಲ್ಲ ಸಮಯವನ್ನು ಓದಿ ಹೇಳಿ, ಪೆನ್ಸಿಲಿನಿಂದ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಫೆಬ್ರುವರಿಯ ಚಾಂಪಿಯನ್‌ಶಿಪ್ಪಿನಲ್ಲಿ ಒಂದು ಅಂಕವನ್ನೂ ತಂದುಕೊಡಲಾರದ ಹುಡುಗಿಯ ಕಿಕ್ಕಿನ ಸಮಯ ಅದು.

ಕೋಚ್ ಇಲ್ಲದ ಹೊತ್ತಿನಲ್ಲಿ ಮಗಳು ತಂಡದವರನ್ನು ಕೇಳಿದ್ದು ಓದಿನ ಬಗ್ಗೆ. ಅವಳು ರಸಾಯನಶಾಸ್ತ್ರ ಓದಬೇಕೆಂದಿದ್ದಳು, ಅದರ ಲ್ಯಾಬುಗಳು ಮಧ್ಯಾಹ್ನವೇ ಇರುತ್ತವೆ, ಅಭ್ಯಾಸವೂ ಮಧ್ಯಾಹ್ನವೇ. ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದು, ವಾರಕ್ಕೊಂದು ದಿನ ಬಿಡುವು ಕೊಡಬೇಕು ಎಂಬ ನಿಯಮವಿದೆಯಾದರೂ ‘ಐಚ್ಛಿಕ’ ಅಭ್ಯಾಸ ಆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಐಚ್ಛಿಕ ಅಭ್ಯಾಸಕ್ಕೆ ಹೋಗದಿದ್ದರೆ ಏನಾಗುತ್ತದೆ ಎಂದು ಕೇಳಬೇಕು, ಅದನ್ನು ಕೋಚ್‌ ಬಳಿಯಲ್ಲ, ಎರಡನೆಯ ವರ್ಷದ ಹುಡುಗಿಯರ ಬಳಿ ಕೇಳಬೇಕು. ಒಂದು ತಂಡದಲ್ಲಿ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು, ಅಷ್ಟೇ ಸಾಕಾಯಿತು.

ಹಣದ ವಿಷಯ ಬೇಗ ಹೇಳುತ್ತೇನೆ. ಸ್ಕಾಲರ್‌ಶಿಪ್ ಎಂದರೆ ಪೂರ್ತಿ ಶುಲ್ಕ ಎಂದು ನಮ್ಮವರು ತಿಳಿಯುವುದುಂಟು. ಹಾರ್ವರ್ಡ್, ಯೇಲ್‌ನಂಥ ಕಾಲೇಜುಗಳ ಐವಿ ಲೀಗಿನಲ್ಲೂ ಡಿವಿಷನ್ ಮೂರರಲ್ಲೂ ಕ್ರೀಡೆಗೆಂದು ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಡಿವಿಷನ್ ಒಂದರ ಮಹಿಳಾ ತಂಡಕ್ಕೆ ಬಹುಕಾಲ ಇದ್ದ ಮಿತಿ 14 ಪೂರ್ಣ ಸ್ಕಾಲರ್‌ಶಿಪ್, ಪುರುಷರಿಗೆ 9.9, ಅದನ್ನೇ ಇಡೀ ತಂಡಕ್ಕೆ ಹಂಚುತ್ತಿದ್ದರು. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ, ಎನ್‌ಸಿಎಎ ವಿರುದ್ಧ ಕ್ರೀಡಾಪಟುಗಳು ಹೂಡಿದ್ದ ಮೊಕದ್ದಮೆಯ ‘ಹೌಸ್’ ಒಪ್ಪಂದದಿಂದ ಆ ಮಿತಿ ಹೋಗಿ, ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ಈಜು ಮತ್ತು ಡೈವಿಂಗ್ ತಂಡಕ್ಕೆ ಒಟ್ಟು 30 ಜನರ ಮಿತಿ ಬಂದಿತು. ಅದರ ಬಿಸಿ ನಮಗೂ ತಟ್ಟಿತು: ಮಾರ್ಚಿನಲ್ಲಿ ಬಾಯಿಮಾತಿನಲ್ಲಿ ಸ್ಥಾನ ಕೊಟ್ಟಿದ್ದ ಒಬ್ಬ ಕೋಚ್, ಜೂನಿನಲ್ಲಿ ಮೂರು ಸಾಲಿನ ಇಮೇಲಿನಲ್ಲಿ ಅದನ್ನು ಹಿಂತೆಗೆದುಕೊಂಡರು. ಮಗಳು ಎರಡು ದಿನ ಕೊಳಕ್ಕೆ ಹೋಗಲಿಲ್ಲ. ಬಾಯಿಮಾತು ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ ಎಂದು ನಮಗೆ ಗೊತ್ತಿತ್ತು, ಗೊತ್ತಿದ್ದೂ ನೋವಾಯಿತು. ಆಮೇಲೆ ಮಾತನಾಡಿದ ಎಲ್ಲರನ್ನೂ, ಈಗ ನಿಮ್ಮ ತಂಡದಲ್ಲಿ ಎಷ್ಟು ಜನ, ಬರುವ ವರ್ಷ ಎಷ್ಟು ಜನ ಪದವಿ ಮುಗಿಸುತ್ತಾರೆ, ನಮ್ಮವಳು ಎಷ್ಟನೆಯವಳು ಎಂದು ನೇರವಾಗಿ ಕೇಳಿದೆವು. ಎಂಟನೆಯ ಲೇನಿನ ಪಕ್ಕ ಮೊಣಕಾಲೂರಿದ್ದ ಕೋಚ್ ತಂಡದಲ್ಲಿ 27 ಜನ ಎಂದು ಹೇಳಿ, ಹೆಸರು ಬಿಟ್ಟು ವರ್ಷವಾರು ಪಟ್ಟಿಯನ್ನೇ ಕಳುಹಿಸಿದರು. ಜುಲೈಯಲ್ಲಿ ಮಗಳು ಅವರಿಗೆ ಒಪ್ಪಿಗೆ ತಿಳಿಸಿದಳು.

ಅಕ್ಟೋಬರಿನಲ್ಲಿ, ಕಾಲೇಜಿನ ಒಪ್ಪಂದಪತ್ರಕ್ಕೆ ಇನ್ನೂ ಸಹಿ ಆಗಿರದಾಗ, ಅಲ್ಲಿ ಬ್ಯಾಕ್‌ಸ್ಟ್ರೋಕ್ ಗುಂಪನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ಕೋಚ್ ಬೇರೆ ಕಾಲೇಜಿಗೆ ಹೊರಟರು. ಸುದ್ದಿ ಹೊರಬೀಳುವ ಹಿಂದಿನ ಸಂಜೆ ಮುಖ್ಯ ಕೋಚ್ ತಾವೇ ಫೋನ್ ಮಾಡಿ ಮಗಳಿಗೆ ತಿಳಿಸಿ, ಮನಸ್ಸು ಬದಲಾಯಿಸಿದರೆ ತಮಗೆ ಬೇಸರವಿಲ್ಲ, ಆದರೆ ನವೆಂಬರಿಗೆ ಮೊದಲೇ ಹೇಳು ಎಂದರು. ಅವಳು ಅಡುಗೆಮನೆಯ ಮೇಜಿನ ಮೇಲೆ ಹಳೆಯ ನೋಟುಬುಕ್ ತೆರೆದು, ಆ ತಂಡದ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ‘ಅಮ್ಮ, ಇದರಲ್ಲಿ ಬರೆದಿರೋದೆಲ್ಲ ಹೆಡ್ ಕೋಚ್ ಬಗ್ಗೇನೇ’ ಎಂದಳು. ನವೆಂಬರಿನಲ್ಲಿ ಸಹಿ ಹಾಕಿದಳು.