ಜಾಮೀನಿಗೆ ಸಹಿ ಹಾಕುವ ಮುನ್ನ ದೇವರಲ್ಲಿ ಜ್ಞಾನವನ್ನೂ ತಾಳ್ಮೆಯನ್ನೂ ಬೇಡಿಕೊಳ್ಳುವ ಬಗೆ

ಮಗಳ ಮದುವೆ, ಮನೆ ಕಟ್ಟುವುದು, ಪರದೇಶದ ಕೆಲಸ ಮೊದಲಾದ ದೊಡ್ಡ ವಿಷಯಗಳಿಗೆ ನಮ್ಮ ಕ್ರೈಸ್ತ ಕುಟುಂಬಗಳು ಉಪವಾಸ ಪ್ರಾರ್ಥನೆ ಇಡುತ್ತವೆ, ಸಭಾಪಾಲಕರನ್ನು ಮನೆಗೆ ಕರೆಸುತ್ತವೆ. ಆದರೆ ಬಂಧುವೊಬ್ಬರು ಸೊಸೈಟಿ ಸಾಲದ ಅರ್ಜಿ ಹಿಡಿದು ಬಂದು ‘ಒಂದು ಸಹಿ ಅಷ್ಟೇ’ ಎಂದಾಗ, ಅವರಿಗೆ ಕೊಟ್ಟ ಕಾಫಿ ಮುಗಿಯುವಷ್ಟರಲ್ಲಿ ನಾವು ಜಾಮೀನುದಾರರಾಗಿರುತ್ತೇವೆ. ದಿನನಿತ್ಯದ ನಿರ್ಧಾರಗಳಲ್ಲಿ ದೇವರನ್ನು ಕೇಳುವುದನ್ನು ಕಲಿಯಬೇಕೆಂದಿರುವವರು ಇಲ್ಲಿಂದಲೇ ಆರಂಭಿಸಬಹುದು. ಏಕೆಂದರೆ ಸತ್ಯವೇದದ (ಬೈಬಲಿನ) ಜ್ಞಾನೋಕ್ತಿಗಳು ಗ್ರಂಥವು ಹೊಣೆಯಾಗುವ ವಿಷಯವನ್ನು 6, 11, 17 ಮತ್ತು 22ನೆಯ ಅಧ್ಯಾಯಗಳಲ್ಲಿ ಮತ್ತೆ ಮತ್ತೆ ಎತ್ತುತ್ತದೆ, ತೀರಿಸಲು ಗತಿಯಿಲ್ಲದವನ ಮಲಗುವ ಹಾಸಿಗೆಯೂ ಹೋದೀತೆಂದು ಎಚ್ಚರಿಸುತ್ತದೆ.

ಮೊದಲು ಮಾಡಬೇಕಾದದ್ದು ಆ ಕ್ಷಣದಲ್ಲಿ ಉತ್ತರ ಕೊಡದಿರುವುದು. ‘ಭಾವ, ಮನೆಯಲ್ಲಿ ಮಾತನಾಡಿ, ಪ್ರಾರ್ಥನೆ ಮಾಡಿ, ಭಾನುವಾರ ಸಂಜೆ ನಾನೇ ಫೋನ್ ಮಾಡಿ ಹೇಳುತ್ತೇನೆ’ ಎಂದು ದಿನವನ್ನು ಗೊತ್ತುಮಾಡಿ ಹೇಳಬೇಕು. ದಿನ ಹೇಳದೆ ‘ಪ್ರಾರ್ಥನೆ ಮಾಡಿ ನೋಡೋಣ’ ಎನ್ನುವುದು ನಮ್ಮ ಸಭೆಗಳಲ್ಲಿ ಇಲ್ಲವೆನ್ನುವುದಕ್ಕೆ ಹೊದಿಸಿದ ನಯವಾದ ಹೊದಿಕೆಯಾಗಿಬಿಟ್ಟಿದೆ, ಅದರಿಂದ ಕೇಳಿದವರಿಗೂ ನೋವು, ಪ್ರಾರ್ಥನೆಗೂ ಅವಮಾನ. ಕೊಟ್ಟ ಗಡುವಿನವರೆಗೆ ಒತ್ತಡವನ್ನು ಸಹಿಸಿಕೊಂಡಿರುವುದೇ ಇಲ್ಲಿ ಬೇಡಿಕೊಳ್ಳಬೇಕಾದ ತಾಳ್ಮೆ. ಅರಸನಾದ ಸೌಲನು ಗಿಲ್ಗಾಲಿನಲ್ಲಿ, ಯಜ್ಞ ಅರ್ಪಿಸಬೇಕಾಗಿದ್ದ ಪ್ರವಾದಿ ಸಮುವೇಲನಿಗಾಗಿ ಏಳು ದಿನ ಕಾದನು. ಜನರು ಚದುರಿಹೋಗುವುದನ್ನು ಕಂಡು ತಡೆಯಲಾರದೆ ಯಜ್ಞವನ್ನು ತಾನೇ ಅರ್ಪಿಸಿದನು, ಅರ್ಪಿಸಿ ಮುಗಿಸುತ್ತಲೇ ಸಮುವೇಲನು ಬಂದನು. ಅವನನ್ನು ಕೆಡಿಸಿದ್ದು ಕೊನೆಯ ಗಳಿಗೆಯ ಭಯ. ‘ನಾಳೆಯೇ ಅರ್ಜಿಗೆ ಕಡೇ ದಿನ’ ಎಂಬ ಮಾತು ನಮ್ಮಲ್ಲಿ ಹುಟ್ಟಿಸುವುದೂ ಅದೇ ಭಯವನ್ನು.

ಆ ಬಿಡುವಿನಲ್ಲಿ ಪ್ರಾರ್ಥಿಸುವಾಗ ‘ನಿನ್ನ ಚಿತ್ತವನ್ನು ತೋರಿಸು’ ಎಂಬ ಒಂದೇ ಮಾತನ್ನು ತಿರುತಿರುಗಿ ಹೇಳುವುದಕ್ಕಿಂತ, ತಿಳಿಯದಿರುವುದನ್ನು ಒಂದೊಂದಾಗಿ ದೇವರ ಮುಂದೆ ಹೆಸರಿಟ್ಟು ಹೇಳುವುದು ಒಳ್ಳೆಯದು. ಈ ಸಾಲ ನಿಜವಾಗಿ ಯಾವುದಕ್ಕೆ? ಅವರು ಕಟ್ಟದೆ ಹೋದರೆ ನಾನು ಕಟ್ಟಬಲ್ಲೆನೇ? ನಾನು ಒಪ್ಪಲು ಹೊರಟಿರುವುದು ಪ್ರೀತಿಯಿಂದಲೋ, ನಾಲ್ಕು ಜನರ ಮಾತಿಗೆ ಹೆದರಿಯೋ? ಜ್ಞಾನದ ಕೊರತೆಯುಳ್ಳವನು ಕೇಳಿಕೊಂಡರೆ ದೇವರು ಹಂಗಿಸದೆ ಕೊಡುತ್ತಾನೆಂದು ಯಾಕೋಬನು ತನ್ನ ಪತ್ರಿಕೆಯ 1ನೆಯ ಅಧ್ಯಾಯದ 5ನೆಯ ವಚನದಲ್ಲಿ ಬರೆಯುತ್ತಾನೆ. ಅದಕ್ಕೆ ಮುಂಚಿನ ಎರಡು ವಚನಗಳಲ್ಲಿ ಅವನು ಹೇಳುತ್ತಿದ್ದದ್ದು ತಾಳ್ಮೆಯ ವಿಷಯ, ಹಾಗಾಗಿ ಈ ಎರಡನ್ನೂ ಬೇರೆಬೇರೆಯಾಗಿ ಬೇಡುವ ಅಗತ್ಯವಿಲ್ಲ. ಯೆರೂಸಲೇಮಿನ ಬಿದ್ದುಹೋದ ಗೋಡೆಯನ್ನು ಕಟ್ಟಿಸಬೇಕೆಂದಿದ್ದ ನೆಹೆಮೀಯನು ಯೆಹೂದ್ಯರ ಕಿಸ್ಲೇವ್ ಮಾಸದಿಂದ ನೀಸಾನ್ ಮಾಸದವರೆಗೆ, ಸುಮಾರು ನಾಲ್ಕು ತಿಂಗಳು ಕಾದವನು. ಅಷ್ಟರಲ್ಲಿ ಅವನು ಬರಿದೇ ಅಳುತ್ತ ಕುಳಿತಿರಲಿಲ್ಲವೆಂಬುದು, ಪಾರಸಿಯ ಅರಸನು ‘ಏನು ಬೇಕು’ ಎಂದು ಕೇಳಿದಾಗ ತಿಳಿಯುತ್ತದೆ: ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರಮುಟ್ಟಿಗಾಗಿ ಅರಣ್ಯಪಾಲಕನಾದ ಆಸಾಫನಿಗೆ ಏನು ಬರೆಸಬೇಕು ಎಂಬುದೆಲ್ಲ ಅವನ ಬಾಯಲ್ಲಿ ಸಿದ್ಧವಾಗಿತ್ತು.

ಆದ್ದರಿಂದ ವಿಚಾರಿಸುವುದನ್ನೂ ಪ್ರಾರ್ಥನೆಯ ಭಾಗವೆಂದೇ ಎಣಿಸಿ. ಸಾಲದ ಮೊತ್ತ, ಕಂತು, ಅವಧಿ, ಅವರಿಗೆ ಈಗಾಗಲೇ ಇರುವ ಸಾಲಗಳು, ಎಲ್ಲಾದರೂ ಸುಸ್ತಿದಾರರಾಗಿದ್ದಾರೆಯೇ ಎಂಬುದು, ಇವನ್ನು ನೇರವಾಗಿ ಕೇಳಲು ಸಂಕೋಚಪಡಬಾರದು. ಜಾಮೀನು ಪತ್ರವನ್ನು ಪೂರ್ತಿ ಓದದೆ ಸಹಿ ಹಾಕಬಾರದು. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಎಂದರೆ ಸಹಿ ‘ಲೆಕ್ಕಕ್ಕೆ ಮಾತ್ರ’ ಎಂಬುದು ಸುಳ್ಳು. ಹಾಗೆಂದು ವಿಚಾರಣೆಯೊಂದೇ ಸಾಲದು. ಗಿಬ್ಯೋನ್ಯರು ಹಳಸಿದ ರೊಟ್ಟಿಯನ್ನೂ ಹರಿದ ಬುದ್ದಲಿಗಳನ್ನೂ (ದ್ರಾಕ್ಷಾರಸದ ಚರ್ಮದ ಚೀಲಗಳನ್ನೂ) ತೋರಿಸಿ ದೂರದೇಶದವರೆಂದು ನಂಬಿಸಿದಾಗ, ಇಸ್ರಾಯೇಲ್ಯರು ಆ ಬುತ್ತಿಯನ್ನು ತೆಗೆದುಕೊಂಡರೇ ಹೊರತು ದೇವರನ್ನು ಕೇಳಲಿಲ್ಲ. ಮೂರು ದಿನ ಕಳೆದ ಮೇಲೆ ಅವರು ನೆರೆಯವರೆಂದು ಗೊತ್ತಾಯಿತು, ಆದರೆ ಅವರನ್ನು ಉಳಿಸುವೆವೆಂದು ಇಟ್ಟ ಆಣೆಯನ್ನು ತೆಗೆಯಲಾಗಲಿಲ್ಲ.

ಸತ್ಯವೇದವನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟ ವಚನವನ್ನು ಉತ್ತರವೆಂದುಕೊಳ್ಳುವುದು, ಹೊಸವರ್ಷದ ಆರಾಧನೆಯಲ್ಲಿ ಸಿಕ್ಕಿದ ವಾಗ್ದಾನ ವಚನದ ಕಾರ್ಡನ್ನು ಸಾಲದ ಅರ್ಜಿಗೆ ಅನ್ವಯಿಸುವುದು, ಇವೆರಡನ್ನೂ ನಾನು ಒಪ್ಪುವುದಿಲ್ಲ. ಉಣ್ಣೆಯ ಮೇಲೆ ಮಾತ್ರ ಮಂಜು ಬೀಳಲಿ ಎಂದು ದೇವರಲ್ಲಿ ಗುರುತು ಕೇಳಿದ ಗಿದ್ಯೋನನ ಉದಾಹರಣೆಯೂ ಇಲ್ಲಿ ಸಲ್ಲದು. ಅವನಿಗೆ ದೇವರು ಏನು ಮಾಡಬೇಕೆಂದು ಆಗಲೇ ಹೇಳಿದ್ದನು, ಅವನು ಕೇಳಿದ್ದು ಧೈರ್ಯಕ್ಕಾಗಿ.

ಇನ್ನು ತೂಗಿನೋಡುವ ಕೆಲಸ, ಇದಕ್ಕೇ ಹೆಚ್ಚು ಸಮಯ ಬೇಕು. ಸತ್ಯವೇದವು ಹೊಣೆಯಾಗಬೇಡವೆಂದು ಮಾತ್ರ ಹೇಳಿದ್ದರೆ ವಿಷಯ ಸುಲಭವಾಗುತ್ತಿತ್ತು. ಆದರೆ ಆದಿಕಾಂಡದಲ್ಲಿ ಯೂದನು ತಮ್ಮನಾದ ಬೆನ್ಯಾಮೀನನಿಗೆ ಹೊಣೆಯಾಗುತ್ತಾನೆ, ಪೌಲನು ದಾಸನಾದ ಒನೇಸಿಮನ ಬಾಕಿಯನ್ನು ತನ್ನ ಲೆಕ್ಕಕ್ಕೆ ಬರೆಯುವಂತೆ ಅವನ ಯಜಮಾನನಾದ ಫಿಲೆಮೋನನಿಗೆ ತಿಳಿಸುತ್ತಾನೆ. ಇಬ್ಬರೂ ತೆರಲು ಸಿದ್ಧರಾಗಿಯೇ ಮಾತು ಕೊಟ್ಟವರು. ಸಮಯ ಬಂದಾಗ ಯೂದನು ತಮ್ಮನ ಬದಲು ತಾನೇ ದಾಸನಾಗಿರುವೆನೆಂದು ಮುಂದೆ ನಿಂತನು. ಹೀಗಾಗಿ ನಾನು ಹಿಡಿಯುವ ಅಳತೆ ಒಂದೇ: ಇಡೀ ಮೊತ್ತವನ್ನು ನಾನೇ ಕಟ್ಟಬೇಕಾಗಿ ಬಂದರೂ ಮಕ್ಕಳ ಶುಲ್ಕ ನಿಲ್ಲದೆ, ಆ ಬಂಧುವಿನೊಂದಿಗೆ ಮಾತು ಬಿಡದೆ ಇರಬಲ್ಲೆನಾದರೆ ಮಾತ್ರ ಸಹಿ ಹಾಕಬಹುದು. ಇದನ್ನು ಗಂಡ ಹೆಂಡತಿ ಕೂಡಿ ಕುಳಿತು ತೀರ್ಮಾನಿಸಬೇಕು, ಒಬ್ಬರು ಮುಚ್ಚಿಟ್ಟು ಮಾಡುವ ಸಹಿಗೆ ಪ್ರಾರ್ಥನೆಯ ಬೆಂಬಲವಿರದು. 16ನೆಯ ಶತಮಾನದಲ್ಲಿದ್ದ ಲೊಯೊಲಾದ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಕಲಿಸಿದ ಎರಡು ಕ್ರಮಗಳು ಇಲ್ಲಿ ಬಹಳ ಉಪಯುಕ್ತ, ಪ್ರೊಟೆಸ್ಟಂಟರೂ ಅವನ್ನು ಹಿಡಿಯಲು ಹಿಂಜರಿಯಬೇಕಿಲ್ಲ. ಒಂದು, ನೀವು ಎಂದೂ ಕಾಣದ ಒಬ್ಬ ಮನುಷ್ಯ ಇದೇ ಪ್ರಶ್ನೆಯೊಂದಿಗೆ ಬಂದರೆ ಅವನಿಗೆ ಏನು ಹೇಳುವಿರೋ ಅದನ್ನು ನೀವೇ ಮಾಡುವುದು. ಇನ್ನೊಂದು, ಮನಸ್ಸು ಕುಗ್ಗಿರುವಾಗ, ಅದಕ್ಕೆ ಮುಂಚೆ ನೆಮ್ಮದಿಯಲ್ಲಿ ಮಾಡಿದ ನಿರ್ಧಾರವನ್ನು ಬದಲಿಸದಿರುವುದು.

ಭಾನುವಾರ ಸಂಜೆ ನೀವೇ ಫೋನ್ ಮಾಡಿ. ಆಗುವುದಿಲ್ಲವೆಂದಾದರೆ ‘ದೇವರು ಬೇಡವೆಂದರು’ ಎನ್ನಬೇಡಿ. ‘ಅಷ್ಟು ಹಣ ಕಟ್ಟುವ ಶಕ್ತಿ ನನಗಿಲ್ಲ ಭಾವ’ ಎಂದು ನಿಮ್ಮ ಹೆಸರಿನಲ್ಲೇ ಹೇಳಿ, ಹಿಂದಕ್ಕೆ ಬಾರದಿದ್ದರೂ ಸರಿ ಎನಿಸುವ ಒಂದು ಮೊತ್ತವನ್ನು ಕೈಯಾರೆ ಕೊಡಿ.

ಈಗಾಗಲೇ ಸಹಿ ಹಾಕಿ ನಿದ್ದೆಗೆಟ್ಟಿರುವವರಿಗೆ ಜ್ಞಾನೋಕ್ತಿಗಳ 6ನೆಯ ಅಧ್ಯಾಯವು ಕಾಯಲು ಹೇಳುವುದಿಲ್ಲ, ಕಣ್ಣಿಗೆ ನಿದ್ದೆ ಕೊಡದೆ ಹೋಗಿ ಅಂಗಲಾಚಿ ಬಿಡಿಸಿಕೋ ಎನ್ನುತ್ತದೆ. ಸಾಲ ಇನ್ನೂ ಮಂಜೂರಾಗಿಲ್ಲದಿದ್ದರೆ ಇಂದೇ ಸಂಘದ ಕಚೇರಿಗೆ ಹೋಗಿ ಲಿಖಿತವಾಗಿ ತಿಳಿಸಿ. ಮತ್ತೆ ಮತ್ತೆ ಹಣ ಪಡೆಯುವ ವ್ಯವಹಾರಕ್ಕೆ ಕೊಟ್ಟ ಮುಂದುವರಿಯುವ ಜಾಮೀನಾಗಿದ್ದರೆ, ಮುಂದಿನ ವ್ಯವಹಾರಗಳ ಮಟ್ಟಿಗೆ ಸಾಲ ಕೊಟ್ಟವರಿಗೆ ನೋಟಿಸು ನೀಡಿ ಅದನ್ನು ಹಿಂತೆಗೆದುಕೊಳ್ಳಲು ಅದೇ ಕಾಯ್ದೆಯ 130ನೆಯ ಕಲಮು ಅವಕಾಶ ಕೊಡುತ್ತದೆ. ಹಣ ಆಗಲೇ ಕೈಸೇರಿದ್ದರೆ, ಕಂತು ಕಟ್ಟಿದ ರಸೀದಿಯನ್ನು ಪ್ರತಿ ತಿಂಗಳೂ ತೋರಿಸುವಂತೆ ಬಂಧುವನ್ನು ಕೇಳಿ, ಮತ್ತು ಕಂತು ಮುಗಿಯುವವರೆಗೆ ಅವರ ಕೆಲಸಕ್ಕಾಗಿಯೂ ಆರೋಗ್ಯಕ್ಕಾಗಿಯೂ ಹೆಸರು ಹಿಡಿದು ಪ್ರಾರ್ಥಿಸಿ.