ಅಜ್ಜನ ಮಡಚೋ ಕ್ಯಾಮೆರಾದಲ್ಲಿ ಫೋಟೋ ತೆಗೆಯೋದು ಹೇಗೆ?

ಅಟ್ಟದ ಟ್ರಂಕಲ್ಲೋ ಬೀರು ಮೂಲೆಯಲ್ಲೋ ಒಂದು ಮಡಚೋ ಕ್ಯಾಮೆರಾ ಸಿಕ್ಕಿದ್ರೆ ಎಲ್ರೂ ಮೊದ್ಲು ಮಾಡೋ ಕೆಲ್ಸ ಅಂದ್ರೆ ಹಿಂದಿನ ಬಾಗಿಲು ತೆಗೆದು ಒಳಗೇನಿದೆ ಅಂತ ನೋಡೋದು. ದಯವಿಟ್ಟು ಅದೊಂದ್ ಮಾಡ್ಬೇಡಿ. ಹಿಂಭಾಗದಲ್ಲಿ ಬಟಾಣಿ ಕಾಳಿನಷ್ಟು ಚಿಕ್ಕ ಕೆಂಪು ಕಿಟಕಿ ಇರತ್ತೆ, ಕೆಲವದಕ್ಕೆ ಅದರ ಮೇಲೆ ಸರಿಸೋ ತಗಡಿನ ಮುಚ್ಚಳನೂ ಇರತ್ತೆ, ಅದನ್ನ ಸರಿಸಿ ಇಣುಕಿ ನೋಡಿ. ಅಲ್ಲಿ ಫಿಲ್ಮಿನ ಬೆನ್ನಿಗಿರೋ ಕಾಗದದ ಮೇಲೆ 5, 7 ಅಂತ ಏನೋ ನಂಬರ್ ಕಂಡ್ರೆ ಒಳಗೆ ಇನ್ನೂ ಫಿಲ್ಮ್ ಇದೆ ಅಂತ. ಅಂದ್ರೆ ಅಜ್ಜ ಅರ್ಧ ತೆಗೆದು ಬಿಟ್ಟಿದ್ದ ರೋಲು.

ಹಾಗಿದ್ರೆ ವೈಂಡಿಂಗ್ ಗುಂಡಿನ (ಫಿಲ್ಮನ್ನ ಮುಂದಕ್ಕೆ ಸುತ್ತೋ ಗುಂಡಿ) ನಿಧಾನಕ್ಕೆ ತಿರುಗಿಸ್ತಾ ಹೋಗಿ, ಕಾಗದ ಪೂರ್ತಿ ಮುಗಿದು ಕಿಟಕಿ ಖಾಲಿ ಆಗೋವರೆಗೂ, ಆಮೇಲೆ ಮಬ್ಬು ಬೆಳಕಿನ ರೂಮಲ್ಲಿ ಬಾಗಿಲು ತೆಗೆದು ರೋಲನ್ನ ಬಿಗಿಯಾಗಿ ಹಿಡಿದು ಟೇಪ್ ಹಚ್ಚಿ ಫಾಯಿಲ್‌ನಲ್ಲಿ ಸುತ್ತಿಡಿ. ಕಪ್ಪುಬಿಳುಪು ಫಿಲ್ಮ್ ಆದ್ರೆ ಎಷ್ಟೋ ವರ್ಷ ಆದ್ಮೇಲೂ ಮಸುಕಾಗಿಯಾದ್ರೂ ಏನೋ ಬರೋ ಸಾಧ್ಯತೆ ಇರತ್ತೆ. ಕಲರ್ ಆದ್ರೆ ಕಷ್ಟ, 1972ರಲ್ಲಿ ಸಿ-41 ಅನ್ನೋ ಈಗಿನ ಪ್ರೋಸೆಸ್ ಬಂತು, ಅದಕ್ಕಿಂತ ಹಿಂದಿನ ಸಿ-22 ಕಲರ್ ನೆಗೆಟಿವ್ ಆಗಿದ್ರೆ ಬಣ್ಣ ಮರೆತ್ಬಿಡಿ, ಕಪ್ಪುಬಿಳುಪಾಗಿ ಡೆವಲಪ್ ಮಾಡೋ ಲ್ಯಾಬಿಗೆ ಕಳಿಸಿ. ಲ್ಯಾಬಿನವರಿಗೆ ಇದು ಹಳೇ ರೋಲು ಅಂತ ಮೊದ್ಲೇ ಹೇಳಿ.

ಯಾವ ಫಿಲ್ಮ್ ಹಿಡಿಯತ್ತೆ

ಆಗ್ಫಾ ಐಸೊಲೆಟ್, ಝೈಸ್ ಐಕಾನ್ ನೆಟ್ಟಾರ್ ಅಥವಾ ಐಕಾಂಟಾ ಆಗಿದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಮಾಮೂಲಿಯಾಗಿ ಸಿಗೋ ಮಾಡೆಲ್‌ಗಳಿಗೆ 120 ಫಿಲ್ಮ್ ಸಾಕು. 1901ರಲ್ಲಿ ಕೊಡಾಕ್ ಶುರು ಮಾಡಿದ ಸೈಜ್ ಅದು, ಇವತ್ತಿಗೂ ಹೊಸದಾಗಿ ತಯಾರಾಗ್ತಿದೆ. (ವಡೋದರದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3 ನಮ್ ಕಡೆ ಎಷ್ಟೋ ಮನೇಲಿದೆ, ಆದ್ರೆ ಅದು ಮಡಚೋದಲ್ಲ, ಅದರ ಕಥೆ ಬೇರೆ.) ಕೊಡಾಕ್‌ನ ಮಡಚೋ ಕ್ಯಾಮೆರಾ ಆದ್ರೆ ಸ್ವಲ್ಪ ನೋಡ್ಕೊಳಿ, ತುಂಬಾ ಮಾಡೆಲ್‌ಗಳು 620 ಸೈಜಿನವು. ಫಿಲ್ಮ್ ಅಗಲ 120ರಷ್ಟೇ, ಆದ್ರೆ ಸ್ಪೂಲ್, ಅಂದ್ರೆ ಫಿಲ್ಮ್ ಸುತ್ತಿರೋ ಉರುಳೆ, ಸಣ್ಣದು, 120 ಸ್ಪೂಲ್ ತುರುಕಿದ್ರೆ ಕೂರಲ್ಲ. 1995ರಲ್ಲಿ 620 ನಿಲ್ಲಿಸಿದ್ರು, ಹಾಗಾಗಿ 120 ಫಿಲ್ಮನ್ನೇ ಪೂರ್ತಿ ಕತ್ತಲಲ್ಲಿ 620 ಸ್ಪೂಲಿಗೆ ಸುತ್ಕೋಬೇಕು. ಮಾಡೋಕಾಗತ್ತೆ, ಆದ್ರೆ ಮೊದಲ ರೋಲಿಗೇ ಬೇಡ. ಕ್ಯಾಮೆರಾ ಒಳಗಿರೋ ಖಾಲಿ ಸ್ಪೂಲ್ ಮಾತ್ರ ಎಸೀಬೇಡಿ, ಅದಿಲ್ದೆ ಹೊಸ ಫಿಲ್ಮ್ ಸುತ್ಕೊಳೋಕೆ ಜಾಗನೇ ಇಲ್ಲ.

ಒಂದು ರೋಲಲ್ಲಿ ಎಷ್ಟು ಫೋಟೋ ಅನ್ನೋದು ಕ್ಯಾಮೆರಾ ಮೇಲೆ ಹೋಗತ್ತೆ. ಫೋಟೋ ಸೈಜ್ 6×6 ಸೆಂಟಿಮೀಟರ್ ಆದ್ರೆ 12, 6×9 ಆದ್ರೆ 8, 6×4.5 ಆದ್ರೆ 16.

ಫಿಲ್ಮ್ ಕೊಳ್ಳೋಕ್ ಮುಂಚೆ ಮೂರು ಪರೀಕ್ಷೆ

ಫಿಲ್ಮ್ ಈಗ ಅಗ್ಗ ಇಲ್ಲ, ಡೆವಲಪಿಂಗೂ ಅಗ್ಗ ಇಲ್ಲ, ಅದಕ್ಕೇ ಈ ಭಾಗಕ್ಕೆ ಒಂದು ಸಂಜೆ ಕೊಡಿ.

ಮೊದಲನೇದು ಬೆಲ್ಲೋಸ್, ಅಂದ್ರೆ ಹಾರ್ಮೋನಿಯಂ ತಿದಿ ಥರ ಮಡಚ್ಕೊಳೋ ಕಪ್ಪು ಭಾಗ. ರಾತ್ರಿ ಲೈಟ್ ಆಫ್ ಮಾಡಿ, ಹಿಂದಿನ ಬಾಗಿಲು ತೆಗೆದು ಮೊಬೈಲ್ ಟಾರ್ಚ್ ಒಳಗಿಟ್ಟು ಹೊರಗಿಂದ ಒಂದೊಂದೇ ಮಡಿಕೆ ನೋಡಿ, ಮುಖ್ಯವಾಗಿ ಮೂಲೆಗಳನ್ನ. ನಕ್ಷತ್ರದಂಥ ಚುಕ್ಕಿ ಕಂಡ್ರೆ ಅಲ್ಲಿ ತೂತಿದೆ. ಐಸೊಲೆಟ್‌ಗಳಲ್ಲಿ ಇದು ಎಷ್ಟು ಮಾಮೂಲಿ ಅಂದ್ರೆ ತೂತಿಲ್ದೇ ಇರೋದು ಸಿಕ್ಕಿದ್ರೇ ಆಶ್ಚರ್ಯ. ಒಂದೆರಡು ತೂತಿದ್ರೆ ಕಪ್ಪು ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ಹಚ್ಚಿ, ಪೂರ್ತಿ ಒಣಗೋವರೆಗೂ ಕ್ಯಾಮೆರಾ ತೆರೆದೇ ಇಡಿ, ಇಲ್ಲಾಂದ್ರೆ ಮಡಿಕೆಗಳು ಒಂದಕ್ಕೊಂದು ಅಂಟ್ಕೊಳತ್ತೆ. ತುಂಬಾ ತೂತಿದ್ರೆ ಬೆಲ್ಲೋಸ್ ಬದಲಾಯ್ಸೋದೇ ಸರಿ.

ಎರಡನೇದು ಶಟರ್, ಅಂದ್ರೆ ಕ್ಷಣ ಮಾತ್ರ ತೆರೆದು ಬೆಳಕು ಬಿಡೋ ಬ್ಲೇಡ್‌ಗಳು. ಲೆನ್ಸ್ ಸುತ್ತ ಇರೋ ರಿಂಗಲ್ಲಿ 25, 50, 100, 200 ಥರ ನಂಬರ್ ಇರತ್ತೆ, ಅದು ಸೆಕೆಂಡಿನ ಭಾಗ, ಜೊತೆಗೆ ಬಿ, ಅಂದ್ರೆ ಒತ್ತಿ ಹಿಡಿದಷ್ಟು ಹೊತ್ತು ತೆರೆದಿರೋದು. ಮೊಬೈಲಿನ ಸ್ಲೋ ಮೋಷನ್ 240 ಫ್ರೇಮಿಗಿಟ್ಟು ಲೆನ್ಸ್ ಕಡೆ ತಿರುಗಿಸಿ 25ರಲ್ಲಿ ಒಂದು ಕ್ಲಿಕ್ ಮಾಡಿ, ಕ್ಯಾಮೆರಾ ಬಾಗಿಲು ತೆರೆದೇ ಇದ್ದು ಹಿಂದೆ ಬಲ್ಬ್ ಇರ್ಲಿ. ಆಮೇಲೆ ವಿಡಿಯೋ ಎಳೆದು ಬೆಳಕು ಕಾಣೋ ಫ್ರೇಮ್ ಎಣಿಸಿ, 10ರ ಹತ್ತಿರ ಬಂದ್ರೆ ಶಟರ್ ಆರೋಗ್ಯವಾಗಿದೆ. 18-20 ಬಂದ್ರೆ ಸ್ಪೀಡು ಅರ್ಧಕ್ಕಿಳಿದಿದೆ, ಅದನ್ನ ಬರ್ಕೊಂಡು ಲೆಕ್ಕದಲ್ಲಿ ಸರಿ ಮಾಡ್ಕೋಬಹುದು. ಬ್ಲೇಡ್ ಅರ್ಧಕ್ಕೆ ನಿಂತ್ರೆ ಮಾತ್ರ ರಿಪೇರಿಯವ್ರ ಹತ್ರ ಹೋಗ್ಬೇಕು. ಎಣ್ಣೆ ಹಾಕ್ಬೇಡಿ, ಹೊಲಿಗೆ ಮೆಷಿನ್ ಎಣ್ಣೆನೂ ಬೇಡ, ತೆಂಗಿನೆಣ್ಣೆನೂ ಬೇಡ, ಈ ಶಟರ್ ಬ್ಲೇಡ್‌ಗಳು ಒಣಗಿದ್ರೇನೇ ಓಡೋದು. ಇನ್ನೊಂದು, ಶಟರ್ ಪಕ್ಕ ‘ವಿ’ ಅಂತ ಲಿವರ್ ಇದ್ರೆ ಅದು ಸೆಲ್ಫ್ ಟೈಮರ್. ಮುಟ್ಬೇಡಿ. ಅದು ಸಿಕ್ಕಾಕ್ಕೊಂಡ್ರೆ ಇಡೀ ಶಟರ್ ನಿಂತ್ಹೋಗತ್ತೆ.

ಮೂರನೇದು ಫೋಕಸ್, ಜನ ಇದನ್ನೇ ಬಿಟ್ಬಿಡ್ತಾರೆ. ಇಂಥ ಬಹಳಷ್ಟು ಕ್ಯಾಮೆರಾದಲ್ಲಿ ಲೆನ್ಸಿನ ಮುಂದಿನ ಗಾಜು ಮಾತ್ರ ತಿರುಗಿ ಫೋಕಸ್ ಆಗತ್ತೆ. ಆಗ್ಫಾದವರು ಹಾಕಿದ್ದ ಗ್ರೀಸು ವರ್ಷಗಳಲ್ಲಿ ಹಸಿರು ಅಂಟಾಗಿ ಗಟ್ಟಿ ಆಗ್ಬಿಡತ್ತೆ, ಆಗ ಮುಂದಿನ ಗಾಜಿನ ಜೊತೆ ಅದರ ಹಿಂದಿನದೂ ಸೇರ್ಕೊಂಡು ತಿರುಗತ್ತೆ, ರಿಂಗ್ ತಿರುಗ್ತಾ ಇದೆ ಅಂತ ನೀವು ಖುಷಿಯಾಗಿರ್ತೀರಿ, ಫೋಟೋ ಎಲ್ಲಾ ಮಸುಕು. ಪರೀಕ್ಷೆ ಹೀಗೆ: ಹಿಂದಿನ ಬಾಗಿಲು ತೆಗೆದು ಫಿಲ್ಮ್ ಕೂರೋ ಜಾಗಕ್ಕೆ ಮಂಜು ಬಣ್ಣದ ಸೆಲೋ ಟೇಪ್ ಅಥವಾ ಬಟರ್ ಪೇಪರ್ ಚಪ್ಪಟೆಯಾಗಿ ಅಂಟಿಸಿ, ಶಟರ್ ಬಿ ಇಟ್ಟು ಕೇಬಲ್ ರಿಲೀಸಲ್ಲಿ (ಶಟರ್ ಒತ್ತೋ ತಂತಿ) ತೆರೆದು ಹಿಡಿದು, ಅಪರ್ಚರ್, ಅಂದ್ರೆ ಲೆನ್ಸಲ್ಲಿ ಬೆಳಕು ಬರೋ ಕಂಡಿ, ಪೂರ್ತಿ ತೆರೆದು ದೂರದ ಮೊಬೈಲ್ ಟವರ್ ಕಡೆ ತಿರುಗಿಸಿ. ಫೋಕಸ್ ರಿಂಗ್ ಇನ್ಫಿನಿಟಿಯಲ್ಲಿ (∞ ಗುರುತು, ಅಂದ್ರೆ ತುಂಬಾ ದೂರ) ಇಟ್ಟಾಗ ಟವರ್ ಚೂಪಾಗಿ ಕಾಣ್ಬೇಕು (ತಲೆಕೆಳಗಾಗೇ ಕಾಣೋದು, ಗಾಬರಿ ಬೇಡ).

ಲೆನ್ಸ್ ಒಳಗೆ ಜೇಡರ ಬಲೆ ಥರ ಎಳೆ ಕಂಡ್ರೆ ಫಂಗಸ್. ಕರಾವಳಿ, ಮಲೆನಾಡಿನ ಮನೆಗಳಲ್ಲಿದ್ದ ಕ್ಯಾಮೆರಾಗೆ ಇದು ಗ್ಯಾರಂಟಿ ಅನ್ನೋಷ್ಟು. ಸ್ವಲ್ಪ ಇದ್ರೆ ಫೋಟೋಗೆ ಅಷ್ಟೇನೂ ತೊಂದ್ರೆ ಇಲ್ಲ, ಬೆಳಕಿಗೆ ಎದುರು ಹಿಡಿದಾಗ ಮಾತ್ರ ಮಂಜು ಬರತ್ತೆ.

ಫಿಲ್ಮ್ ಮತ್ತು ಬಿಸಿಲಿನ ಲೆಕ್ಕ

ಮೊದಲ ರೋಲಿಗೆ ಕಪ್ಪುಬಿಳುಪು ನೆಗೆಟಿವ್, 100 ಅಥವಾ 125 ಐಎಸ್‌ಒ (ಫಿಲ್ಮ್ ಬೆಳಕು ಹಿಡಿಯೋ ಚುರುಕಿನ ನಂಬರ್). ಫೋಮಾಪಾನ್ 100, ಇಲ್ಫೋರ್ಡ್ ಎಫ್‌ಪಿ4 ಇಂಥವು. ಎಲ್ರೂ 400 ತಗೊಳಿ ಅಂತಾರೆ, ನಾನು ಬೇಡ ಅಂತೀನಿ, ಕಾರಣ ಇದು. ಬಿಸಿಲಲ್ಲಿ ಅಪರ್ಚರ್ ಎಫ್16 (ಎಫ್ ನಂಬರ್ ದೊಡ್ಡದಾದಷ್ಟು ಕಂಡಿ ಚಿಕ್ಕದು) ಇಟ್ರೆ ಶಟರ್ ಸ್ಪೀಡು ಫಿಲ್ಮಿನ ಐಎಸ್‌ಒ ನಂಬರಿನಷ್ಟು, ಇದು ಹಳೇ ಸೂತ್ರ. 400 ಫಿಲ್ಮಿಗೆ 1/400 ಬೇಕು, ನಿಮ್ಮ ಶಟರ್ 1/200ಕ್ಕೇ ಮುಗಿದ್ರೆ ಎಫ್22ಕ್ಕೆ ಹೋಗ್ಬೇಕು, ಅದೂ ಮುದುಕ ಶಟರ್ ಇನ್ನೂ ನಿಧಾನ ಓಡ್ತಿದ್ರೆ ಏಪ್ರಿಲ್ ಬಿಸಿಲಲ್ಲಿ ಜಾಗನೇ ಉಳಿಯಲ್ಲ. 100 ಫಿಲ್ಮಾದ್ರೆ 1/100, ಎಫ್16, ಇಲ್ಲಾ 1/200, ಎಫ್11, ಆರಾಮ್. ತೆಳು ಮೋಡಕ್ಕೆ ಎಫ್11, ಪೂರ್ತಿ ಮೋಡಕ್ಕೆ ಎಫ್8, ಮಳೆ ಬರೋ ಹಾಗಿರೋ ಕಪ್ಪು ಮೋಡಕ್ಕೆ ಎಫ್5.6, ಇವೆಲ್ಲಾ 1/100ರಲ್ಲಿ. ಜಗಲಿ ನೆರಳಲ್ಲಿ ಕೂತವರಿಗೆ ಪೂರ್ತಿ ತೆರೆದ ಎಫ್4.5. ಮೊಬೈಲ್ ಲೈಟ್ ಮೀಟರ್ ಆಪ್ ಕೂಡ ನಡೆಯತ್ತೆ. ಅನುಮಾನ ಬಂದ್ರೆ ಬೆಳಕು ಜಾಸ್ತಿನೇ ಕೊಡಿ, ನೆಗೆಟಿವ್ ಫಿಲ್ಮ್ ತಡ್ಕೊಳತ್ತೆ.

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ರೋಲ್ ಡಬ್ಬಿ ಅದೇ ಟ್ರಂಕಲ್ಲಿ ಸಿಕ್ಕಿದ್ರೆ ಶೋಕೇಸಲ್ಲಿಡಿ, ಮದುವೆ ಫೋಟೋಗೆ ಅದನ್ನ ನಂಬ್ಕೊಂಡು ಹೋಗ್ಬೇಡಿ.

ಲೋಡ್ ಮಾಡೋದು

ನೆರಳಲ್ಲಿ ಮಾಡಿ. ಖಾಲಿ ಸ್ಪೂಲ್ ವೈಂಡಿಂಗ್ ಗುಂಡಿ ಕಡೆ, ಹೊಸ ರೋಲ್ ಎದುರು ಕಡೆ. ಕಾಗದದ ನಾಲಿಗೆನ ಖಾಲಿ ಸ್ಪೂಲಿನ ಸೀಳಿಗೆ ನೇರ ತೂರಿಸಿ ಎರಡು ಸುತ್ತು ಸುತ್ತಿ, ಹೊಸ ರೋಲ್ ಮೇಲೆ ಹೆಬ್ಬೆರಳು ಮೆಲ್ಲಗೆ ಒತ್ತಿರಿ, ಸಡಿಲವಾಗಿ ಸುತ್ತಿದ್ರೆ ಅಂಚಲ್ಲಿ ಬೆಳಕು ನುಗ್ಗತ್ತೆ. ಬಾಗಿಲು ಮುಚ್ಚಿ ಕಿಟಕಿ ನೋಡ್ತಾ ತಿರುಗಿಸಿ, ಚುಕ್ಕಿಗಳೋ ಬಾಣವೋ ಬಂದ್ರೆ ನಂಬರ್ ಹತ್ರ ಬಂತು ಅಂತ, 1 ಬಂದಾಗ ನಿಲ್ಲಿಸಿ. ಕಿಟಕಿ ಕೆಂಪಿರೋದಕ್ಕೆ ಕಾರಣ ಆಗಿನ ಫಿಲ್ಮಿಗೆ ಕೆಂಪು ಬೆಳಕು ಕಾಣ್ತಿರ್ಲಿಲ್ಲ, ಈಗಿನ ಫಿಲ್ಮಿಗೆ ಕಾಣತ್ತೆ. ಹಾಗಾಗಿ ಕಿಟಕಿಗೆ ಕಪ್ಪು ಟೇಪಿನ ತುಂಡು ಹಚ್ಚಿ, ವೈಂಡ್ ಮಾಡುವಾಗ ಮಾತ್ರ ನೆರಳಲ್ಲಿ ಎತ್ತಿ ನೋಡಿ.

ಒಂದೇ ಕ್ರಮ, ಪ್ರತಿ ಸಲ

ಈ ಕ್ಯಾಮೆರಾ ನಿಮ್ಮ ಪರವಾಗಿ ಏನೂ ನೆನಪಿಡಲ್ಲ. ಹಾಳಾಗೋ ಫೋಟೋಗಳಲ್ಲಿ ಮುಕ್ಕಾಲು ಭಾಗ ಲೆನ್ಸಿನ ತಪ್ಪಲ್ಲ, ಕ್ರಮ ತಪ್ಪಿದ್ದು: ಒಂದ್ರ ಮೇಲೊಂದು ಫೋಟೋ, ಫೋಕಸ್ ಮರೆತದ್ದು, ಶಟರ್ ಕಾಕ್ ಮಾಡ್ದೇ (ಲಿವರ್ ಎಳೆದು ಶಟರ್ ಸ್ಪ್ರಿಂಗ್ ಬಿಗಿ ಮಾಡ್ದೇ) ಗುಂಡಿ ಒತ್ತಿದ್ದು. ಅದಕ್ಕೆ ನನ್ನ ಕ್ರಮ ಹೀಗೆ. ಕ್ಯಾಮೆರಾ ತೆರೆಯಿರಿ, ಮುಂದಿನ ಬಾಗಿಲನ್ನ ಕೈಯಲ್ಲಿ ತಡೆದು ನಿಧಾನಕ್ಕೆ ಬಿಡಿ, ಸ್ಪ್ರಿಂಗಿಗೆ ಪಟಕ್ಕಂತ ಬಿಟ್ರೆ ಬೆಲ್ಲೋಸ್ ಗಾಳಿ ಎಳ್ಕೊಂಡು ಫಿಲ್ಮನ್ನೂ ಮುಂದಕ್ಕೆ ಉಬ್ಬಿಸತ್ತೆ. ಆಮೇಲೆ ವೈಂಡ್. ಫೋಟೋ ತೆಗೆದ ತಕ್ಷಣ ವೈಂಡ್ ಮಾಡೋ ವಾದಾನೂ ಇದೆ, ಆದ್ರೆ ಮಡಚಿ ತೆರೆಯುವಾಗ ಸಡಿಲಾದ ಫಿಲ್ಮ್ ಬಿಗಿ ಆಗೋದು ತೆರೆದ ಮೇಲೆ ವೈಂಡ್ ಮಾಡಿದ್ರೇನೇ, ಅದಕ್ಕೆ ನನ್ನ ಓಟು ತೆಗೆಯೋಕ್ ಮುಂಚೆ ವೈಂಡ್ ಮಾಡೋದಕ್ಕೆ. ಎರಡ್ರಲ್ಲಿ ಯಾವ್ದಾದ್ರೂ ಒಂದು ಹಿಡ್ಕೊಳಿ, ಬೆರೆಸ್ಬೇಡಿ. ವೈಂಡ್ ಆದ್ಮೇಲೆ ದೂರ, ಅಪರ್ಚರ್, ಸ್ಪೀಡು, ಕಾಕಿಂಗ್, ಕ್ಲಿಕ್. ಸ್ಪೀಡು ಯಾವಾಗ್ಲೂ ಕಾಕ್ ಮಾಡೋಕ್ ಮುಂಚೆ ಇಡಿ, ಹಳೇ ಕಾಂಪರ್ ರ್‍ಯಾಪಿಡ್ ಶಟರಲ್ಲಿ 500ಕ್ಕೆ ಬೇರೆ ಸ್ಪ್ರಿಂಗ್ ಇರತ್ತೆ, ಕಾಕ್ ಆದ್ಮೇಲೆ ಅಲ್ಲಿಗೆ ಎಳೆದ್ರೆ ಮುರಿಯತ್ತೆ.

ದೂರ ಅಂದಾಜು ಮಾಡೋದೇ ನಿಜವಾದ ಕಲೆ. ಮೊದ್ಲು ರಿಂಗಿನ ನಂಬರ್ ಅಡಿಯೋ ಮೀಟರೋ ನೋಡಿ, ಇನ್ಫಿನಿಟಿಗೆ ಮುಂಚೆ 30-50 ಇದ್ರೆ ಅಡಿ, 10-15 ಇದ್ರೆ ಮೀಟರ್. 75 ಎಂಎಂ ಲೆನ್ಸಲ್ಲಿ ಎಫ್11 ಇಟ್ಟು 10 ಮೀಟರಿಗೆ ಫೋಕಸ್ ಮಾಡಿದ್ರೆ ಸುಮಾರು 5 ಮೀಟರಿಂದ ಇನ್ಫಿನಿಟಿವರೆಗೂ ಚೂಪಾಗಿರತ್ತೆ, ಜಾತ್ರೆ, ರಸ್ತೆ, ಗುಡ್ಡ ಎಲ್ಲಕ್ಕೂ ಸಾಕು. ನೆಟ್ಟಾರ್‌ಗಳಲ್ಲಿ ಇದಕ್ಕಂತಲೇ ಕೆಂಪು ಚುಕ್ಕಿ ಹಾಕಿರ್ತಾರೆ. ಅದೇ ಲೆನ್ಸನ್ನ ಎಫ್4.5ಕ್ಕೆ ತೆರೆದು 2 ಮೀಟರಲ್ಲಿ ಅಜ್ಜಿ ಫೋಟೋ ತೆಗೆದ್ರೆ ಚೂಪಾಗಿರೋ ಜಾಗ ಹಿಂದೆ ಮುಂದೆ ಸೇರಿ 30 ಸೆಂಟಿಮೀಟರ್ ಅಷ್ಟೇ. ಅಲ್ಲಿ ಅಂದಾಜು ಬೇಡ, ಟೇಪ್ ಹಿಡೀರಿ, ಇಲ್ಲಾ ಎರಡಡಿ ಟೈಲ್ಸ್ ಇದ್ರೆ ಅದನ್ನೇ ಎಣಿಸಿ. ಹತ್ರದ ಫೋಟೋದಲ್ಲಿ ತಲೆ ಮೇಲೆ ಜಾಗ ಬಿಡಿ, ವ್ಯೂಫೈಂಡರ್ ಲೆನ್ಸಿಗಿಂತ ಮೇಲಿದೆ, ನಿಮಗೆ ಕಂಡಷ್ಟು ತಲೆ ಫಿಲ್ಮಲ್ಲಿ ಬರಲ್ಲ.

ಗುಂಡಿ ಗಟ್ಟಿ ಇರತ್ತೆ, ಜೋರಾಗಿ ಒತ್ತೋ ಭರದಲ್ಲಿ ಕ್ಯಾಮೆರಾನೇ ಅಲುಗತ್ತೆ. ಎಡಗೈಲಿ ಕೆಳಗಿನ ಬಾಗಿಲಿಗೆ ಆಸರೆ ಕೊಟ್ಟು ಉಸಿರು ಬಿಡ್ತಾ ಮೆಲ್ಲಗೆ ಹಿಂಡಿ, 1/50ಕ್ಕಿಂತ ನಿಧಾನ ಆದ್ರೆ ಟ್ರೈಪಾಡ್. ಡಬಲ್ ಎಕ್ಸ್‌ಪೋಷರ್ ಲಾಕ್ (ಒಂದ್ರ ಮೇಲೊಂದು ಫೋಟೋ ಬೀಳದ ಹಾಗೆ ತಡೆಯೋದು) ಇರೋ ಮಾಡೆಲಲ್ಲಿ ಕಾಕ್ ಮಾಡ್ದೆ ಒತ್ತಿ ಗುಂಡಿ ಸಿಕ್ಕಾಕ್ಕೊಂಡ್ರೆ ಫ್ರೇಮ್ ದಂಡ ಮಾಡ್ಕೋಬೇಡಿ, ಕಾಕ್ ಮಾಡಿ, ಶಟರ್ ಪಕ್ಕ ಇರೋ ಚಿಕ್ಕ ಲಿವರನ್ನ ಬೆರಳಲ್ಲೇ ತಳ್ಳಿ.

ರೋಲ್ ಮುಗಿದ ಮೇಲೆ

ಕೊನೇ ನಂಬರ್ ಆದ್ಮೇಲೆ ಕಾಗದ ಪೂರ್ತಿ ಮುಗಿಯೋವರೆಗೂ ತಿರುಗಿಸಿ, ಇದ್ರಲ್ಲಿ ವಾಪಸ್ ಸುತ್ತೋದು ಅಂತ ಇಲ್ಲ. ನೆರಳಲ್ಲಿ ತೆಗೆದು ಬಿಗಿಯಾಗಿ ಹಿಡಿದು ಅಂಟು ಪಟ್ಟಿ ಒದ್ದೆ ಮಾಡಿ ಅಂಟಿಸಿ. ಖಾಲಿಯಾದ ಸ್ಪೂಲನ್ನ ಗುಂಡಿ ಕಡೆಗೆ ಬದಲಾಯ್ಸಿ, ಮುಂದಿನ ರೋಲಿಗೆ ಬೇಕು. ಬೆಂಗಳೂರು, ಮುಂಬೈ ಕಡೆ ಲ್ಯಾಬುಗಳು ಕೊರಿಯರಲ್ಲೂ ತಗೊಳತ್ವೆ, ಡಬ್ಬಿ ಮೇಲೆ 120, ಕಪ್ಪುಬಿಳುಪು, ಐಎಸ್‌ಒ ಎಷ್ಟು ಅಂತ ಬರೀರಿ, ನೆಗೆಟಿವ್ ವಾಪಸ್ ಬೇಕು ಅಂತ ಕೇಳಿ. ಸ್ಕ್ಯಾನ್ ಮಾತ್ರ ಕಳಿಸಿ ನೆಗೆಟಿವ್ ಎಸೆಯೋ ಕಡೆನೂ ಇದೆ.

ಕ್ಯಾಮೆರಾ ಎತ್ತಿಡುವಾಗ ಶಟರ್ ಕಾಕ್ ಆಗಿರ್ಬಾರ್ದು, ಫೋಕಸ್ ಇನ್ಫಿನಿಟಿಗೆ ತಂದು ಮಡಚಿ, ಕೆಲವು ಕ್ಯಾಮೆರಾ ಹಾಗಿಲ್ದೆ ಮುಚ್ಚೋದೇ ಇಲ್ಲ. ಬಾಗಿಲು ಮುಚ್ಚಲ್ಲ ಅಂದ್ರೆ ಒತ್ತಬೇಡಿ, ಎರಡೂ ಕಡೆ ಸಲಾಕೆ ಸಮವಾಗಿ ಮಡಚಿದ್ಯಾ ನೋಡಿ. ಲೆದರ್ ಕೇಸ್ ನೋಡೋಕೆ ಚೆಂದ, ಆದ್ರೆ ತೇವ ಹೀರ್ಕೊಂಡು ಫಂಗಸ್ ಬೆಳೆಸೋದೂ ಅದೇ, ಹಾಗಾಗಿ ಕೇಸ್ ಬೇರೆ ಇಟ್ಟು ಕ್ಯಾಮೆರಾನ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಿ ಜೆಲ್ ಆಗಾಗ ಬದಲಾಯ್ಸಿ.